ವನಮಾಲಾಳ ರಜೆ ರದ್ದಾದ ಮೇಲೆ

ಒಬ್ಬ ಬಿಸಿನೆಸ್‌ಮ್ಯಾನ್ ಇದ್ದರು. ಮಹಿಳಾ ದಿನಾಚರಣೆ ಬಂತೆಂದರೆ ವೇದಿಕೆ ಹತ್ತಿ ಅರ್ಧ ಗಂಟೆ ಕೊರೆಯುವ ಜಾತಿ... ಮನೆಯಲ್ಲಿ ಮಾತ್ರ ಒಂದು ಲೋಟ ನೀರನ್ನೂ ತಾವೇ ಬಗ್ಗಿಸಿಕೊಂಡವರಲ್ಲ.

ಮಡಿ ಮನೆ ಅದು. ಹೆಂಡತಿ ವನಮಾಲಾ ಮುಟ್ಟಾದರೆ ಮೂರು ದಿನ ಹೊರಗೆ ಕೂರಬೇಕು. ಆಗ ಅತ್ತೆಯೇ ಹೇಗೋ ಅಡುಗೆ ಮಾಡುತ್ತಿದ್ದರು. ವನಮಾಲಾಳ ಬೆನ್ನಿಗೆ ತಿಂಗಳಿಗೆ ಸಿಗುತ್ತಿದ್ದ ವಿಶ್ರಾಂತಿ ಅಷ್ಟೇ.

ಐವತ್ತಕ್ಕೆ ಮುಟ್ಟು ನಿಂತಿತು. ಯಜಮಾನರಿಗೆ ಖುಷಿಯೋ ಖುಷಿ... ಇನ್ನು ಅಡ್ಡಿಯೇ ಇಲ್ಲವೆಂದು ತಿಂಗಳಿಡೀ ನೆಂಟರನ್ನು ಊಟಕ್ಕೆ ಕರೆಯತೊಡಗಿದರು. ಎಂಥ ಬುದ್ಧಿವಂತಿಕೆ ನೋಡಿ!

ವನಮಾಲಾಳಿಗೋ ಇದ್ದಕ್ಕಿದ್ದಂತೆ ಮೈಯೆಲ್ಲ ಕೆಂಡ, ಮರುಕ್ಷಣ ಬೆವರು. ನಿದ್ದೆಯಿಲ್ಲ. ಸುಮ್ಮನೆ ಅಳು. ತನಗೆ ತಲೆ ಕೆಡುತ್ತಿದೆಯೇನೋ ಎಂಬ ಭಯ.

ಡಾಕ್ಟರ ಹತ್ತಿರ ಹೋಗೋಣ ಎಂದಿದ್ದಕ್ಕೆ ಈ ಮಹಾನುಭಾವರು ನೆಂಟರೆದುರೇ ನಕ್ಕರು. ಎಲ್ಲ ನಾಟಕ, ಕೆಲಸ ತಪ್ಪಿಸಿಕೊಳ್ಳುವ ಉಪಾಯ ಎಂದರು.

ಹೀಗೇ ಎರಡು ವರ್ಷ ಕಳೆಯಿತು. ಒಂದು ದ್ವಾದಶಿಯಂದು ಹನ್ನೆರಡು ಎಲೆ ಹಾಕಿತ್ತು. ಹುಳಿ ಬಡಿಸುತ್ತಿದ್ದ ವನಮಾಲಾ ಬೆವತು, ಪಾತ್ರೆ ಕೆಳಗಿಟ್ಟು, ಗೋಡೆಗೊರಗಿ ಕುಸಿದಳು.

ಯಜಮಾನರು ಎಲೆ ಬಿಟ್ಟು ಏಳಲೂ ಇಲ್ಲ... "ಅನ್ನ ಆರ್ತಾ ಇದೆ ಕಣೇ" ಎಂದರು.

ಒಳಗಿಂದ ಓಡಿ ಬಂದವರು ಎಂಬತ್ತು ವರ್ಷದ ಅತ್ತೆ. ಮಡಿ ಎಂದರೆ ಪ್ರಾಣ ಬಿಡುವ ಮುದುಕಿ. ಸೊಸೆಯ ಮುಖವನ್ನು ಸೆರಗಿನಲ್ಲಿ ಒರೆಸುತ್ತಾ ಮಗನಿಗೆ ಹೇಳಿದರು...

"ನನಗೂ ಹೀಗೇ ಆಗ್ತಿತ್ತು ಕಣೋ. ದೆವ್ವ ಹಿಡಿದಿದೆ ಅಂತ ನಿಮ್ಮಪ್ಪ ತಾಯತ ಕಟ್ಟಿಸಿದ್ರು. ಗೊತ್ತಿದ್ದೂ ಇವಳು ಒದ್ದಾಡೋದನ್ನ ನೋಡ್ಕೊಂಡು ಸುಮ್ನಿದ್ದೆ, ಪಾಪಿ ನಾನು. ಇವತ್ತಿಂದ ತಿಂಗಳಿಗೆ ಮೂರು ದಿನ ಇವಳು ಹೊರಗೇ. ಅಡುಗೆ ನಿಂದು."

"ಮುಟ್ಟೇ ಇಲ್ವಲ್ಲಮ್ಮಾ..."

"ನಿನಗೆ ನಾಚಿಕೆನೂ ಇಲ್ವಲ್ಲ."

ನೆಂಟರು ತಲೆ ಎತ್ತಲಿಲ್ಲ. ವನಮಾಲಾ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಅತ್ತೆಯೇ ಆಕೆಯನ್ನು ಲೇಡಿ ಡಾಕ್ಟರ ಬಳಿ ಕರೆದೊಯ್ದರು. ಇದು ಹುಚ್ಚಲ್ಲ, ಮೆನೋಪಾಸ್ ಎಂದರು ಡಾಕ್ಟರು. ದಿನಾ ವಾಕಿಂಗ್, ಹತ್ತಿ ಬಟ್ಟೆ, ಕಾಫಿ ಕಮ್ಮಿ, ಮೂಳೆಗೆ ಹಾಲು-ರಾಗಿ. ಅದಕ್ಕೂ ತಗ್ಗದಿದ್ದರೆ ಔಷಧಿ ಇದೆ, ಹೆದರಬೇಡಿ ಎಂದರು.

ಇಷ್ಟೇ ನೋಡಿ... ಇಷ್ಟು ಕೇಳಿ ತಿಳಿಯುವ ಯೋಗ್ಯತೆ ಇಲ್ಲದೆ ಒಂದು ಜೀವವನ್ನು ಎರಡು ವರ್ಷ ಬೇಯಿಸಿದರು.

ಈಗ ತಿಂಗಳಿಗೆ ಮೂರು ದಿನ ಯಜಮಾನರು ಅನ್ನ ಸೀಯಿಸುತ್ತಾರೆ. ವನಮಾಲಾ ಫ್ಯಾನಿನ ಕೆಳಗೆ ಕಾಲು ಚಾಚಿ ಮಲಗುತ್ತಾಳೆ.

ಮುಟ್ಟು ನಿಲ್ಲುತ್ತದೆ... ಹೆಣ್ಣಿನ ದಣಿವು ನಿಲ್ಲುವುದಿಲ್ಲ.

ನಿಮ್ಮ ಅಡುಗೆಮನೆಯಲ್ಲಿ ಬೆವರುತ್ತಿರುವ ಜೀವವನ್ನು "ನಿನಗೇನಾಗ್ತಿದೆ?" ಎಂದು ನೀವು ಕೊನೆಯ ಸಲ ಕೇಳಿದ್ದು ಯಾವಾಗ?