ಉಪ್ಪಿನ ತಿಂಗಳು

ಹೃದಯದ ಮಾತ್ರೆಗೆ ಬೆಲೆಯಾಗಿ ಔಷಧದಂಗಡಿಯವರು ನಾಲಿಗೆಯ ರುಚಿಯನ್ನೇ ತೆಗೆದುಕೊಳ್ಳುತ್ತಿದ್ದರು. ಹೋದ ವರ್ಷದವರೆಗೂ ಎಲ್ಲ ಒಂದೇ ಏಟಿಗೆ: ಯುಗಾದಿಗೆ ಹೋದ ರುಚಿ ಮರಳುತ್ತಿದ್ದುದು ದೀಪಾವಳಿಗೆ. ಅಷ್ಟು ದಿನವೂ ನೀಲವ್ವನ ಗಂಡ ಗುರುಶಾಂತಪ್ಪನವರು ಬಡಿಸಿದ್ದನ್ನು ಮಣ್ಣು ತಿಂದಂತೆ ತಿಂದು, ಮಾತಿಲ್ಲದೆ ಎದ್ದು ಹೋಗುತ್ತಿದ್ದರು. ಈ ವರ್ಷ ವಯಸ್ಸಾದವರಿಗೆಂದು ಕಂತು ಬಂತು, ತಿಂಗಳಿಗೆ ಒಂದೇ ರುಚಿ ಕೊಟ್ಟರಾಯಿತು, ಉಳಿದವು ನಾಲಿಗೆಯಲ್ಲೇ ಇರುತ್ತವೆ. ಮೊದಲ ಕಂತು ಉಪ್ಪಿನದು.

ಆ ಕಂತು ಕಟ್ಟಿ ಮನೆಗೆ ಬಂದ ಗಂಡನಿಗೆ ನೀಲವ್ವ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿ, ಅವರ ಮುಖವನ್ನೇ ನೋಡುತ್ತ ನಿಂತಳು.

ಒಂದು ತುತ್ತಿಗೇ ಅವರು ಮುಖ ಸಿಂಡರಿಸಿದರು. “ಎಷ್ಟ ಖಾರ ಹಾಕೀದಿ ಇದಕ್ಕ! ನಾಲಿಗಿ ಸುಟ್ಟ ಹೋತಲ್ಲ!”

ನೀಲವ್ವನ ಕಣ್ಣು ತುಂಬಿತು. ನಗುತ್ತಲೇ ತಟ್ಟೆಗೆ ಇನ್ನೊಂದು ಬದನೆಕಾಯಿ ಹಾಕಿದಳು.

“ಬೈರಿ, ಇನ್ನಷ್ಟ ಬೈರಿ.”