ದುರ್ಬೀನಿನ ಕೊನೆಯ ಸರದಿ

ಯಾರಾದರೂ ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಆರನೇ ಕ್ಲಾಸು; ಕ್ಲಾಸಿನಲ್ಲಿ ಕೇರಿಯವಳೆಂದರೆ ನಾನು ಮಾತ್ರ. ನಂಜನಗೂಡಿನಿಂದ ವ್ಯಾನಿನಲ್ಲಿ ನಮ್ಮನ್ನು ಗುಂಡ್ಲುಪೇಟೆಯಾಚೆಯ ಕಾಡಿಗೆ ಹಕ್ಕಿ ನೋಡಲು ಕರೆದೊಯ್ದಿದ್ದರು. ಇದ್ದದ್ದು ಮೇಷ್ಟ್ರ ಒಂದೇ ದುರ್ಬೀನು. ನನ್ನ ಕೈಗೆ ಬಂದಾಗ ಅದರ ರಬ್ಬರಿಗೆ ಮುಂಚೆ ನೋಡಿದವರ ಬೆವರು ಅಂಟಿತ್ತು. ನಾನು ಹಾಗೇ ಕಣ್ಣಿಗಿಟ್ಟುಕೊಂಡೆ. ನನ್ನ ನಂತರದ ಹುಡುಗಿ ಲಂಗದ ಅಂಚಿನಿಂದ ಅದನ್ನು ಎರಡು ಸಲ ಒರೆಸಿದಳು. ಆಮೇಲೆ ನೋಡಿದವರಾರೂ ಒರೆಸಲಿಲ್ಲ.

ಮೇಷ್ಟ್ರು ಅದನ್ನು ಕಂಡು ನನ್ನ ಹತ್ತಿರ ಬಂದರು. "ಇನ್ಮೇಲೆ ನೀನು ಕೊನೇಲಿ ನೋಡವ್ವ, ಎಷ್ಟೊತ್ತು ಬೇಕಾದ್ರೂ ಇಟ್ಕೋಬೋದು," ಎಂದು ಮೆಲ್ಲಗೆ ಹೇಳಿದರು. ನನಗೆ ಖುಷಿಯೇ ಆಯಿತು.

ಮತ್ತಿ ಮರದಲ್ಲಿ ಮರಕುಟಿಗ ಸಿಕ್ಕಿತು. ಎಲ್ಲರೂ ನೋಡಿ ಮುಗಿಸಿ ದುರ್ಬೀನು ನನಗೆ ಬರುವಷ್ಟರಲ್ಲಿ ಅದು ಹಾರಿಹೋಗಿತ್ತು. ಉಳಿದವರು ದೂರದ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದರು. ನಾನೊಬ್ಬಳೇ ನೋಡುತ್ತ ನಿಂತೆ.

ಅವ್ವ ನಮ್ಮೂರು ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದಳು. ಸಂಜೆ ಊರಲ್ಲಿ ಬಸ್ಸಿಳಿದವಳೇ ಅಲ್ಲಿಗೇ ಓಡಿದೆ.

"ಎಲ್ಲಾರ್ಗಿಂತ ಜಾಸ್ತಿ ಹೊತ್ತು ನಂಗೇ ಕೊಟ್ರು ಕಣವ್ವ, ಕೊನೇಲಿ!"

ರಾಟೆ ನಿಂತಿತು.

"ಏನ್ ಕಂಡೆ ಮಗ?"

"ಕೊಂಬೆ," ಅಂದೆ.