ಇಪ್ಪತ್ತೆರಡು ಸೆಕೆಂಡಿನ ವಿಡಿಯೋ

ಎರಡು ನಿಮಿಷ ಬಿಡುವಿದ್ದರೆ ಮಾತ್ರ ಓದಿ... ಅರ್ಧಕ್ಕೆ ಬಿಡಬೇಡಿ.

ಹುಬ್ಬಳ್ಳಿಯಲ್ಲಿ ಬಣ್ಣದ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ವ್ಯಾಪಾರಿ. ಹೆಸರು ಮೋಹನ ಕಬ್ಬೂರ.

ಒಂದು ಭಾನುವಾರ ಬೆಳಿಗ್ಗೆ ಸ್ನೇಹಿತರೊಬ್ಬರ ಒತ್ತಾಯಕ್ಕೆ ಸಂಗೀತ ಕೇಳಲು ಹೋದರು. ಹಳೆಯ ವಾಚನಾಲಯದ ಮಹಡಿಯ ಮೇಲೊಂದು ಸಣ್ಣ ಹಾಲ್. ಐವತ್ತು ಕುರ್ಚಿ, ಬಂದವರು ಮೂವತ್ತು ಜನ...

ಹಾಡುವವರು ಪಂಡಿತ ಅಡಿವೆಯ್ಯ ಸಾಲಿಮಠ. ವಯಸ್ಸು ಎಂಬತ್ತೊಂದು.

ಒಂದು ಕಾಲದಲ್ಲಿ ದೊಡ್ಡ ದೊಡ್ಡ ಸಭೆಗಳಲ್ಲಿ ಹಾಡಿದವರು. ಆರು ವರ್ಷಗಳ ನಂತರ ಅಂದು ಮತ್ತೆ ವೇದಿಕೆ ಹತ್ತಿದ್ದರು.

ಮೋಹನ ಮೊದಲ ಸಾಲಿನಲ್ಲಿ ಕೂತು ಮೊಬೈಲ್ ಹಿಡಿದು ರೆಕಾರ್ಡ್ ಮಾಡುತ್ತಿದ್ದರು.

ತೋಡಿ ರಾಗ ಶುರುವಾಗಿ ಹತ್ತು ನಿಮಿಷ ಆಗಿರಬೇಕು. ವೇಗದ ಒಂದು ತಾನ್ ಹಾಡುವಾಗ... ಅಜ್ಜನ ಕಟ್ಟಿಸಿದ ಹಲ್ಲಿನ ಸೆಟ್ಟು ಬಾಯಿಂದ ಜಾರಿತು.

ಅಜ್ಜ ಚಟಕ್ಕನೆ ಕರವಸ್ತ್ರದಲ್ಲಿ ಹಿಡಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅಜ್ಜ ಅದನ್ನು ಕರವಸ್ತ್ರದಲ್ಲೇ ಸುತ್ತಿ ಪಕ್ಕಕ್ಕಿಟ್ಟು, ಬೊಚ್ಚು ಬಾಯಲ್ಲೇ ಹಾಡು ಮುಂದುವರಿಸಿದರು... ಪೂರಾ ಮುಕ್ಕಾಲು ಗಂಟೆ!

ಅಕ್ಷರಗಳು ಒಡೆಯುತ್ತಿದ್ದವು. ಸ್ವರ ಮಾತ್ರ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಸಂಗೀತದ ಗಂಧವಿಲ್ಲದ ಮೋಹನ ಕೂಡ ಎರಡು ಸಲ ಕಣ್ಣೊರೆಸಿಕೊಂಡರು.

ಆದರೆ ಮಧ್ಯಾಹ್ನ ಊಟ ಮುಗಿಸಿ ಅವರು ಸ್ನೇಹಿತರ ವಾಟ್ಸಾಪ್ ಗ್ರೂಪಿಗೆ ಕಳಿಸಿದ್ದು ಆ ಮುಕ್ಕಾಲು ಗಂಟೆಯನ್ನಲ್ಲ...

ಹಲ್ಲು ಜಾರಿದ ಇಪ್ಪತ್ತೆರಡು ಸೆಕೆಂಡು. ಮೇಲೊಂದು ಸಾಲು: "ಪಂಡಿತರ ರಾಗ ಹಲ್ಲು-ತೋಡಿ". ಜೊತೆಗೆ ನಾಲ್ಕು ನಗುವ ಮುಖಗಳು.

ಗ್ರೂಪಿನಲ್ಲಿ ನಗೆಯೋ ನಗೆ. ಇಷ್ಟು ಮೆಚ್ಚುಗೆ ಅವರಿಗೆ ಎಂದೂ ಸಿಕ್ಕಿರಲಿಲ್ಲ...

ಎರಡು ವಾರದ ನಂತರ ಅದೇ ವಿಡಿಯೋ ಬೆಂಗಳೂರಿನ ಭಾವಮೈದುನನಿಂದ ಮೋಹನರ ಫೋನಿಗೇ ವಾಪಸ್ ಬಂತು. ಯಾರೋ ಅದಕ್ಕೆ ಕತ್ತೆಯ ಕೂಗು ಸೇರಿಸಿದ್ದರು. ನೋಡಿದವರು ಎರಡು ಲಕ್ಷ!

ಮೋಹನ ಅಂಗಡಿಯ ಬಾಗಿಲು ಎಳೆದು ಹೊರಟರು. ವಿಳಾಸ ಹುಡುಕಿಕೊಂಡು ಕ್ಷಮೆ ಕೇಳಲು ಅಜ್ಜನ ಮನೆಗೆ ಹೋದರು.

ಬಾಗಿಲು ತೆಗೆದದ್ದು ಅಜ್ಜನ ಹೆಂಡತಿ ನೀಲಮ್ಮ.

"ಅಮ್ಮಾರ... ಆ ವಿಡಿಯೋ ಹಾಕಿದಾಂವ ನಾನ ರೀ. ಗುರುಗಳ ಕಾಲು ಹಿಡದು ತಪ್ಪಾತು ಅನ್ನಾಕ ಬಂದೇನಿ."

ಆಕೆ ಒಮ್ಮೆ ಒಳಗೆ ತಿರುಗಿ ನೋಡಿ ಬಾಗಿಲು ಅರ್ಧ ಎಳೆದುಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು...

"ಅವರಿಗೆ ಅದು ಗೊತ್ತಿಲ್ರೀ. ಫೋನಿನ್ಯಾಗ ವಿಡಿಯೋ ನೋಡಾಕ ಬರಂಗಿಲ್ಲ ಅವರಿಗೆ. ಮುಂದಿನ ಎರಡೂ ಕಾರ್ಯಕ್ರಮ ಕ್ಯಾನ್ಸಲ್ ಆದ್ವು. ಹಾಲ್ ರಿಪೇರಿ ಅದ ಅಂತ ಸುಳ್ಳು ಹೇಳೇನಿ. ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳಾಕ ಅವರ ಜೀವಾ ತಗೀಬ್ಯಾಡ್ರಿ."

ಅಷ್ಟರಲ್ಲಿ ಒಳಗಿಂದ ದನಿ ಬಂತು. "ಯಾರ ಬಂದಾರ?"

"ನಿಮ್ಮ ಹಾಡು ಕೇಳಿದವರಂತ!"

ಅಜ್ಜನ ಮುಖ ಅರಳಿತು. "ಬರ್ರಿ, ಬರ್ರಿ! ಕುಂದರ್ರಿ. ಅವತ್ತಿಂದ ಒಬ್ಬರೂ ಮಾತಾಡ್ಸಾಕ ಬಂದಿಲ್ರೀ. ನೀವ ಮೊದಲನೇದವರು!"

ಚಹಾ ಬಂತು. ಮೋಹನ ಲೋಟವನ್ನು ಹಾಗೇ ಕೆಳಗಿಟ್ಟರು...

ಅಜ್ಜ ಮೆಲ್ಲಗೆ ಬಗ್ಗಿ ಕೇಳಿದರು. "ಒಂದು ಖರೇ ಹೇಳ್ರಿ... ಅವತ್ತು ನನ್ನ ಹಲ್ಲು ಜಾರಿತ್ತು. ಟಕ್ಕನ ಹಿಡದೆ. ಬೊಚ್ಚು ಬಾಯಿ ಕಂಡ್ರ ಕಾಣ್ಲಿ, ಜಾರಿದ್ದು ಯಾರೂ ನೋಡಿಲ್ಲ ಅಲ್ರೀ?"

ಬಾಗಿಲಲ್ಲಿ ನಿಂತ ನೀಲಮ್ಮ ಮೋಹನರನ್ನೇ ನೋಡುತ್ತಿದ್ದರು.

"ಇಲ್ರೀ ಗುರುಗಳ... ಯಾರೂ ನೋಡಿಲ್ಲ."

ಅಜ್ಜ ಉಸಿರು ಬಿಟ್ಟರು. "ಶಿವನ ಕೃಪಾ! ಈಗ ಎಲ್ಲಾರೂ ವಿಡಿಯೋ ನೋಡೇ ಕಾರ್ಯಕ್ರಮಕ್ಕ ಕರೀತಾರಂತಲ್ರೀ? ನನ್ನದೂ ಒಂದು ಮಾಡಿ ಹಾಕ್ತೀರೇನು?"

ಮೋಹನ ಅದೇ ಫೋನ್ ಹಿಡಿದರು. ಅಜ್ಜ ಶಲ್ಯ ಸರಿಮಾಡಿಕೊಂಡು, ತಂಬೂರಿ ತೊಡೆಯ ಮೇಲಿಟ್ಟುಕೊಂಡು ಹಾಡಿದರು. ಅದ್ಭುತವಾಗಿ ಹಾಡಿದರು.

ಆ ವಿಡಿಯೋ ನೋಡಿದವರು ಹನ್ನೊಂದು ಜನ.

ಕೆಳಗೆ ಬಂದ ಒಂದೇ ಕಾಮೆಂಟ್... "ಹಲ್ಲು ಎಷ್ಟನೇ ನಿಮಿಷಕ್ಕೆ ಬೀಳತ್ತೆ?"

ಮೋಹನ ಹಳೆಯ ವಿಡಿಯೋ ಡಿಲೀಟ್ ಮಾಡಿದರು. ಹಾಕಿದವರಿಗೆಲ್ಲ ಮೆಸೇಜ್ ಮಾಡಿ ಬೇಡಿಕೊಂಡರು. ಒಬ್ಬನೂ ತೆಗೆಯಲಿಲ್ಲ. ಅದು ಮೂರು ಲಕ್ಷ ದಾಟಿತು...

ಪ್ರತಿ ಸೋಮವಾರ ಅಂಗಡಿಗೆ ಅಜ್ಜನ ಫೋನ್ ಬರುತ್ತಿತ್ತು.

"ಯಾರರೇ ಕೇಳಿದ್ರೇನ್ರೀ? ನಾ ದಿನಾ ರಿಯಾಜ್ ಮಾಡಾಕತ್ತೇನಿ. ತಯಾರ ಅದೇನಿ ಅಂತ ಹೇಳ್ರಿ ಅವರಿಗೆ."

"ಕೇಳ್ತಾರ್ರೀ ಗುರುಗಳ... ಇನ್ನೊಂದು ವಾರ ನೋಡೋಣ್ರಿ."

ಹೀಗೆ ಐದು ತಿಂಗಳು. ಒಂದು ಸೋಮವಾರ ಫೋನ್ ಬರಲಿಲ್ಲ...

ಮೋಹನ ಓಡಿ ಹೋದಾಗ ಅಜ್ಜನ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊರಳಲ್ಲಿ ಹೂವಿನ ಹಾರ. ಸುತ್ತ ಹತ್ತೋ ಹನ್ನೆರಡೋ ಜನ.

ಮೋಹನ ನೀಲಮ್ಮನ ಕಾಲ ಬಳಿ ಕುಸಿದರು. "ಅಮ್ಮಾರ, ನೀವರೇ ನನ್ನ ಕ್ಷಮಾ ಮಾಡ್ರಿ..."

ಆಕೆಯ ಕಣ್ಣಲ್ಲಿ ನೀರಿರಲಿಲ್ಲ.

"'ಆ ಬಣ್ಣದಂಗಡಿಯವರು ಭಾಳ ಛಲೋ ಮನಷ್ಯಾ' ಅಂತ ನಿನ್ನೆ ರಾತ್ರಿನೂ ಅಂದ್ರು ಅವರು..."

ಕೈ ಚಾಚಿ ಗಂಡನ ಕೊರಳ ಹಾರ ಸರಿಪಡಿಸಿದರು.

"ನಾ ಅನ್ನಂಗಿಲ್ರೀ."

ಸೆರಗು ಹೊದ್ದು ಗಂಡನ ಕಡೆ ಮುಖ ತಿರುಗಿಸಿ ಕೂತರು. ಮತ್ತೆ ಇತ್ತ ನೋಡಲಿಲ್ಲ.

.

*ಒಬ್ಬರ ಸೋಲನ್ನು ಹಂಚಲು ಒಂದು ಬೆರಳು ಸಾಕು... ಹಂಚಿದ ಮೇಲೆ ಅದನ್ನು ಹಿಂದಕ್ಕೆ ತರಲು ಎರಡು ಕೈ ಜೋಡಿಸಿದರೂ ಆಗುವುದಿಲ್ಲ.*

.

ನೀವು ಇವತ್ತು ನಕ್ಕು ಮುಂದೆ ಕಳಿಸಿದ ವಿಡಿಯೋದಲ್ಲಿ ಇದ್ದವರ ಹೆಸರು ನಿಮಗೆ ಗೊತ್ತೇ?